ಮೈಕಾ, ಟೇಪಾ? ಹೋಂ ಥಿಯೇಟರ್ ರಿಸೀವರ್ ಸೆಟ್ಟಿಂಗ್, ಎರಡು ದಾರಿಯಲ್ಲಿ

ಹೊಸ ಎವಿ ರಿಸೀವರ್ (ಟಿವಿ, ಪ್ಲೇಯರ್‌ಗಳ ಸದ್ದನ್ನು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ) ತಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಡಬ್ಬದಲ್ಲಿ ಬಂದ ಮೈಕ್ ಸಿಕ್ಕಿಸಿ ಆಟೋ ಸೆಟಪ್ ಮಾಡಿದರೆ ಸಾಕಾ, ಇಲ್ಲಾ ಅಳತೆ ಟೇಪ್ ಹಿಡಿದು ಮೆನುವಿನಲ್ಲಿ ಒಂದೊಂದೇ ಅಂಕಿ ನಾವೇ ತುಂಬಬೇಕಾ? ಎರಡನ್ನೂ ಒಂದೇ ಹಾಲ್‌ನಲ್ಲಿ, ಒಂದೇ ಸ್ಪೀಕರ್‌ಗಳ ಮೇಲೆ ಮಾಡಿ ನೋಡಿದ್ದೇನೆ. ಸ್ಪೀಕರ್ ದೂರದ ವಿಷಯದಲ್ಲಿ ಮೈಕ್ ಹೇಳಿದ್ದನ್ನು ಕೇಳಿ, ಕ್ರಾಸ್‌ಓವರ್ (ಯಾವ ಸ್ವರದಿಂದ ಕೆಳಗಿನ ಬಾಸ್, ಬಾಸ್‌ಗೆಂದೇ ಇರುವ ಸಬ್‌ವೂಫರ್ ಸ್ಪೀಕರ್‌ಗೆ ಹೋಗಬೇಕು ಅನ್ನುವ ಗಡಿ) ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಇದು ನನ್ನ ಅಭಿಪ್ರಾಯ. ಕಷ್ಟಪಟ್ಟು ದುಡ್ಡು ಕೂಡಿಸಿ ತಂದ ಸ್ಪೀಕರ್‌ಗಳು ಎಷ್ಟೋ ಮನೆಗಳಲ್ಲಿ ಇವೆರಡು ಸರಿ ಇಲ್ಲದೆ ಸಪ್ಪೆಯಾಗಿ ಕೇಳಿಸುತ್ತವೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಹಾಲ್ ಹೇಗಿದೆ ಅಂತ ಹೇಳಿಬಿಡುತ್ತೇನೆ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಎಡಗಡೆ ದೊಡ್ಡ ಗಾಜಿನ ಕಿಟಕಿ, ಬಲಗಡೆ ಗೋಡೆ ಇಲ್ಲ, ಊಟದ ಟೇಬಲ್ ಕಡೆಗೆ ಪೂರ್ತಿ ತೆರೆದಿದೆ. ನಮ್ಮ ಕಡೆ ಅಪಾರ್ಟ್‌ಮೆಂಟ್‌ಗಳ ಹಾಲ್ ಹೆಚ್ಚುಕಡಿಮೆ ಹೀಗೇ ಅಲ್ವಾ? ಚಪ್ಪಾಳೆ ಹೊಡೆದರೆ ಠಣ್ ಅಂತ ತಿರುಗಿ ಕೇಳಿಸುತ್ತದೆ. ಸ್ಪೀಕರ್ 5.1: ಮುಂದೆ ಎರಡು ಬುಕ್‌ಶೆಲ್ಫ್, ಒಂದು ಸೆಂಟರ್, ಹಿಂದೆ ಎರಡು ಸರೌಂಡ್, ಮೂಲೆಯಲ್ಲಿ ಹತ್ತು ಇಂಚಿನ ಸಬ್‌ವೂಫರ್. ನನ್ನದು ಡೆನಾನ್ ರಿಸೀವರ್. ಭಾವನವರ ಹತ್ತಿರ ಯಮಹಾ ಇದೆ. ಅದನ್ನೂ ತಂದು ಇದೇ ಸ್ಪೀಕರ್‌ಗಳಿಗೆ ಹಾಕಿ ನೋಡಿದ್ದರಿಂದ ಎರಡು ಮೆನುಗಳ ಪರಿಚಯವೂ ಆಯಿತು.

ಮೈಕ್ ಇಟ್ಟು ಅಳೆಯುವ ವ್ಯವಸ್ಥೆಗೆ ಕಂಪನಿಗೊಂದು ಹೆಸರು. ಡೆನಾನ್, ಮರಾಂಟ್ಜ್‌ನಲ್ಲಿ ಆಡಿಸ್ಸಿ. ಯಮಹಾದಲ್ಲಿ ವೈಪಿಎಓ. ಪಯೋನಿಯರ್‌ನಲ್ಲಿ ಎಂಸಿಎಸಿಸಿ, ಓಂಕ್ಯೋದಲ್ಲಿ ಆಕ್ಯುಇಕ್ಯು. ಕೆಲಸ ಎಲ್ಲದರದ್ದೂ ಒಂದೇ ಥರ. ಪ್ರತಿ ಸ್ಪೀಕರ್‌ನಿಂದ ಒಂದು ಸದ್ದು ಬಿಟ್ಟು, ಅದು ಮೈಕ್ ತಲುಪಲು ಎಷ್ಟು ಹೊತ್ತು ಹಿಡಿಯಿತು, ಎಷ್ಟು ಜೋರಾಗಿ ಬಂತು, ಯಾವ ಸ್ವರ ಉಬ್ಬಿತು, ಯಾವುದು ಕುಗ್ಗಿತು ಅಂತ ಲೆಕ್ಕ ಹಾಕುತ್ತದೆ. ಆಡಿಸ್ಸಿ ಮಲ್ಟ್‌ಇಕ್ಯು ಎಕ್ಸ್‌ಟಿ ಇರುವ ಮಾಡೆಲ್‌ಗಳಲ್ಲಿ 8 ಜಾಗದವರೆಗೆ ಅಳೆಯಬಹುದು. ಯಮಹಾದಲ್ಲಿ ಮಾಡೆಲ್ ಮೇಲೆ ಹೋಗುತ್ತದೆ. ಕೆಲವಕ್ಕೆ ಒಂದೇ ಜಾಗ, ಕೆಲವಕ್ಕೆ ಹಲವು.

ಮೈಕನ್ನು ಸೋಫಾದ ಬೆನ್ನಿನ ಮೇಲೆ ಇಡಬೇಡಿ. ದಿಂಬಿನ ಮೇಲೂ ಬೇಡ. ಕ್ಯಾಮೆರಾ ಟ್ರೈಪಾಡ್ ಇದ್ದರೆ ಅದರ ಮೇಲೆ, ಕೂತಾಗ ಕಿವಿ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ ಎತ್ತರಕ್ಕೆ ಇಡಿ. ಮೊದಲ ಅಳತೆ ನೀವು ದಿನಾ ಕೂರುವ ಜಾಗದ್ದೇ ಆಗಿರಲಿ, ದೂರದ ಲೆಕ್ಕ ಅಲ್ಲಿಂದಲೇ ಹೋಗುತ್ತದೆ. ಫ್ಯಾನ್ ಆರಿಸಿ. ಫ್ರಿಜ್ ಹತ್ತಿರದಲ್ಲಿದ್ದರೆ ಅದನ್ನೂ ಸ್ವಲ್ಪ ಹೊತ್ತು ಆಫ್ ಮಾಡಿ. ಬೆಳಗ್ಗೆ ಎಂಟು ಗಂಟೆಗಂತೂ ಕೂರಬೇಡಿ. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಆ ಜಾಗದ ಅಳತೆ ಮತ್ತೆ ಮೊದಲಿಂದ. ರಾತ್ರಿ ಊಟ ಮುಗಿದು, ರಸ್ತೆಯ ಹಾರ್ನ್ ನಿಂತ ಮೇಲೆ ಒಳ್ಳೆಯದು.

ದೂರ: ಇಲ್ಲಿ ಟೇಪ್ ಸೋತಿತು

ಐದು ಸ್ಪೀಕರ್‌ಗಳ ಮಟ್ಟಿಗೆ ಮೈಕ್‌ಗೂ ಟೇಪ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಸಬ್‌ವೂಫರ್‌ನದ್ದೇ ಬೇರೆ ಕಥೆ. ಟೇಪ್ ಹಿಡಿದರೆ ನನ್ನ ಕುರ್ಚಿಯಿಂದ ಒಂಬತ್ತು ಅಡಿ. ಮೈಕ್ ಹೇಳಿದ್ದು ಹದಿಮೂರೂವರೆ! ನೋಡಿದವರು ಮೈಕ್ ಕೆಟ್ಟಿದೆ ಅಂತಲೇ ಹೇಳುತ್ತಾರೆ. ಆದರೆ ಮೈಕ್ ಸರಿಯಾಗಿಯೇ ಇದೆ.

ಸಬ್‌ವೂಫರ್ ಒಳಗೆ ಅದರದ್ದೇ ಆಂಪ್ಲಿಫೈಯರ್, ಅದರದ್ದೇ ಫಿಲ್ಟರ್ ಸರ್ಕ್ಯೂಟ್ ಇರುತ್ತವೆ. ಅವನ್ನು ದಾಟಿ ಬರುವಷ್ಟರಲ್ಲಿ ಸದ್ದು ಕೆಲವು ಮಿಲಿಸೆಕೆಂಡ್ ತಡವಾಗುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಅಂದರೆ ಒಂದು ಮಿಲಿಸೆಕೆಂಡಿಗೆ ಒಂದಡಿಗಿಂತ ಸ್ವಲ್ಪ ಜಾಸ್ತಿ. ನನ್ನ ಸಬ್‌ವೂಫರ್‌ನಲ್ಲಿ ಬಂದ ನಾಲ್ಕೂವರೆ ಅಡಿ ವ್ಯತ್ಯಾಸ ಸುಮಾರು 4 ಮಿಲಿಸೆಕೆಂಡಿಗೆ ಸಮ. ರಿಸೀವರ್‌ಗೆ ಬೇಕಾಗಿರುವುದು ಸದ್ದು ಬರಲು ಹಿಡಿಯುವ ಹೊತ್ತು, ನೆಲದ ಮೇಲಿನ ಅಳತೆ ಅಲ್ಲ. ಮೆನುವಿನಲ್ಲಿ ಅದನ್ನು ಅಡಿಯ ಲೆಕ್ಕದಲ್ಲಿ ತೋರಿಸುತ್ತಾರೆ ಅಷ್ಟೇ.

ಟೇಪಿನ ಒಂಬತ್ತು ಅಡಿಯನ್ನೇ ತುಂಬಿ ಕೇಳಿ ನೋಡಿದೆ. ಡೋಲು, ತವಿಲ್ ಇರುವ ಹಾಡುಗಳಲ್ಲಿ ಏಟಿನ ಗಟ್ಟಿತನ ಹೋಗಿ, ಪೆಟ್ಟು ಎಡಗಡೆ ಸ್ಪೀಕರ್‌ನಲ್ಲಿ ಬಿದ್ದು ಗುಂಯ್ ಅನ್ನುವುದು ಮೂಲೆಯಿಂದ ಬೇರೆಯಾಗಿ ಬಂತು. ಮೈಕ್ ಕೊಟ್ಟ ಅಂಕಿ ವಾಪಸ್ ಹಾಕಿದ ಕೂಡಲೇ ಎರಡೂ ಒಂದಾದವು. ನಿಮ್ಮ ಮನೆಯಲ್ಲೂ ಇದನ್ನು ಮಾಡಿ ನೋಡಿ, ಕಿವಿಗೆ ಥಟ್ಟನೆ ಗೊತ್ತಾಗುತ್ತದೆ. ಸಬ್‌ವೂಫರ್ ದೂರ ಎಷ್ಟೇ ವಿಚಿತ್ರವಾಗಿ ಕಂಡರೂ ಮುಟ್ಟಬೇಡಿ.

ಲೆವೆಲ್: ಹೆಚ್ಚುಕಡಿಮೆ ಸಮ

ಕೈಯಿಂದ ಲೆವೆಲ್ ಹೊಂದಿಸಲು ಟೆಸ್ಟ್ ಟೋನ್ ಹಾಕಿ, ಕೂರುವ ಜಾಗದಲ್ಲಿ ಪ್ರತಿ ಸ್ಪೀಕರ್ 75 ಡೆಸಿಬೆಲ್ ಬರುವ ಹಾಗೆ ಮಾಡಬೇಕು. ಸೌಂಡ್ ಮೀಟರ್ ಇದ್ದರೆ ಅದರಲ್ಲಿ ‘ಸಿ ವೇಟಿಂಗ್’, ‘ಸ್ಲೋ’ ಅನ್ನುವ ಆಯ್ಕೆಗಳನ್ನು ಇಟ್ಟುಕೊಳ್ಳಿ. ಬರೀ ಫೋನ್ ಆ್ಯಪ್ ಇದ್ದರೂ ಐದು ಸ್ಪೀಕರ್‌ಗಳನ್ನು ಒಂದಕ್ಕೊಂದು ಹೋಲಿಸಲು ಸಾಕು. ಸಬ್‌ವೂಫರ್‌ಗೆ ಮಾತ್ರ ಫೋನನ್ನು ನಂಬಬೇಡಿ, ಅದರ ಮೈಕ್‌ಗೆ ಅಷ್ಟು ಕೆಳಗಿನ ಸ್ವರ ಸರಿಯಾಗಿ ಹಿಡಿಯಲು ಬರುವುದಿಲ್ಲ. ಎರಡು ದಾರಿಯಲ್ಲೂ ಬಂದ ಅಂಕಿಗಳು ಹತ್ತಿರ ಹತ್ತಿರವೇ ಇದ್ದವು. ಆಮೇಲೆ ನಾನು ಸೆಂಟರನ್ನು ಒಂದೂವರೆ ಡೆಸಿಬೆಲ್ ಏರಿಸಿದೆ. ನಮ್ಮ ಸಿನಿಮಾಗಳಲ್ಲಿ ಹಿನ್ನೆಲೆ ಸಂಗೀತದ ಅಬ್ಬರಕ್ಕೆ ಮಾತು ಮುಳುಗುವುದು ಜಾಸ್ತಿ, ಇದರಿಂದ ಮಾತು ಬಿಡಿಸಿ ಕೇಳಿಸುತ್ತದೆ. ಸಬ್‌ವೂಫರ್ ಎರಡು ಡೆಸಿಬೆಲ್ ಏರಿಸಿದ್ದು ಬರೀ ನನ್ನ ಇಷ್ಟಕ್ಕೆ.

ಲಾರ್ಜ್, ಸ್ಮಾಲ್, ಕ್ರಾಸ್‌ಓವರ್: ಇಲ್ಲಿ ಕೈ ಗೆದ್ದಿತು

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಕಂಡದ್ದು ಇಲ್ಲಿ. ಸ್ಪೀಕರ್ ‘ಸ್ಮಾಲ್’ ಅಂತಿದ್ದರೆ, ಕ್ರಾಸ್‌ಓವರ್‌ಗಿಂತ ಕೆಳಗಿನ ಬಾಸ್ ಎಲ್ಲ ಸಬ್‌ವೂಫರ್‌ಗೆ ಹೋಗುತ್ತದೆ. ‘ಲಾರ್ಜ್’ ಅಂತಿದ್ದರೆ ಪೂರ್ತಿ ಬಾಸ್ ಆ ಸ್ಪೀಕರೇ ಹೊರಬೇಕು. ಆಟೋ ಸೆಟಪ್ ಯಾವ ಕಂಪನಿಯದ್ದೇ ಇರಲಿ, ಗೋಡೆಗೆ ಹತ್ತಿರ ಇರುವ ಸ್ಪೀಕರನ್ನು ಆಗಾಗ ಲಾರ್ಜ್ ಅಂದುಬಿಡುತ್ತದೆ. ಗೋಡೆ ಸೇರಿ ಬಾಸ್ ಉಬ್ಬುತ್ತದೆ, ಅಳತೆಯಲ್ಲಿ ಅದು ಸ್ಪೀಕರಿನದ್ದೇ ತಾಕತ್ತಿನ ಹಾಗೆ ಕಾಣುತ್ತದೆ. ನನ್ನ ಮುಂದಿನ ಜೋಡಿಗೆ 40 ಹರ್ಟ್ಜ್ ಬಂತು. ಬುಕ್‌ಶೆಲ್ಫ್ ಸ್ಪೀಕರ್‌ಗೆ ಅಷ್ಟು ಕೆಳಗಿನ ಅಂಕಿ ಅಂದರೆ ಅದು ಕೋಣೆಯ ಗುಣ.

ಒಂದೇ ದೃಶ್ಯ, ಒಂದೇ ವಾಲ್ಯೂಮ್ ಇಟ್ಟುಕೊಂಡು ಕೈಯಿಂದ ಬದಲಾಯಿಸುತ್ತಾ ಹೋದೆ. 60 ಹರ್ಟ್ಜ್‌ನಲ್ಲಿ ಜೋರು ಮಾಡಿದಾಗ ಮುಂದಿನ ಸ್ಪೀಕರ್‌ಗಳು ಏದುಸಿರು ಬಿಟ್ಟವು, ಸ್ಫೋಟದ ಸದ್ದು ಒಡೆಯಿತು. 120ರಲ್ಲಿ ಗಂಡು ದನಿಯ ಕೆಳಭಾಗ ಸಬ್‌ವೂಫರ್ ಇರುವ ಮೂಲೆಯಿಂದ ಬರತೊಡಗಿತು. ಪರದೆಯ ನಡುವೆ ನಿಂತವನ ಮಾತು ಅರ್ಧ ಮೂಲೆಗೆ ಸರಿದರೆ ಏನು ಚೆಂದ? 100 ಪರವಾಗಿಲ್ಲ. 80ರಲ್ಲಿ ಎಲ್ಲ ಕೂಡಿ ಬಂತು. ಸಿನಿಮಾ ಸದ್ದಿನ ಗುಣಮಟ್ಟ ನಿಗದಿ ಮಾಡುವ ಟಿಎಚ್‌ಎಕ್ಸ್ ಕೂಡ ಹೇಳುವುದು 80 ಹರ್ಟ್ಜನ್ನೇ. ಆದರೆ ಒಂದು ಮಾತು. ಆಟೋ ಸೆಟಪ್ ಕೊಟ್ಟ ಕ್ರಾಸ್‌ಓವರ್‌ನಿಂದ ಮೇಲಕ್ಕೆ ಹೋಗಿ, ಕೆಳಕ್ಕೆ ಇಳಿಸಬೇಡಿ. ಆ ಮಟ್ಟದಿಂದ ಕೆಳಗೆ ಸ್ಪೀಕರ್‌ಗೆ ಶಕ್ತಿ ಇಲ್ಲ ಅಂತ ಅದಕ್ಕೆ ಗೊತ್ತಾಗಿರುತ್ತದೆ, ಅಲ್ಲಿ ತಿದ್ದುಪಡಿಯನ್ನೂ ಮಾಡಿರುವುದಿಲ್ಲ.

ಟವರ್ ಸ್ಪೀಕರ್ ಇರುವವರಿಗೆ ಸ್ಮಾಲ್ ಅಂತ ಇಡಲು ಮನಸ್ಸು ಬರುವುದಿಲ್ಲ. ಇಟ್ಟು ನೋಡಿ. ಭಾರದ ಬಾಸ್ ಸಬ್‌ವೂಫರ್‌ಗೆ ಹೋದರೆ ರಿಸೀವರ್‌ನ ಆಂಪ್ ಮೇಲಿನ ಹೊರೆ ಇಳಿಯುತ್ತದೆ, ಮಾತು ತಿಳಿಯಾಗುತ್ತದೆ. ಡೆನಾನ್‌ನಲ್ಲಿ ‘ಎಲ್‌ಎಫ್‌ಇ ಪ್ಲಸ್ ಮೇನ್’, ಯಮಹಾದಲ್ಲಿ ‘ಎಕ್ಸ್‌ಟ್ರಾ ಬಾಸ್’ ಅಂತ ಒಂದು ಆಯ್ಕೆ ಇದೆ. ಒಂದೇ ಬಾಸನ್ನು ಎರಡು ಕಡೆಯಿಂದ ನುಡಿಸುವುದು ಅದರ ಕೆಲಸ. ನನ್ನ ಹಾಲ್‌ನಲ್ಲಿ ಬರೀ ಗದ್ದಲ ಆಯಿತು, ಬೇಡ ಅಂತ ಬಿಟ್ಟೆ. ಸಿನಿಮಾದ ಪ್ರತ್ಯೇಕ ಬಾಸ್ ಚಾನಲ್‌ಗೆ (ಎಲ್‌ಎಫ್‌ಇ) ಮೇಲಿನ ಮಿತಿ ಹಾಕುವ ‘ಎಲ್‌ಪಿಎಫ್ ಫಾರ್ ಎಲ್‌ಎಫ್‌ಇ’ 120ರಲ್ಲೇ ಇರಲಿ. ಸಬ್‌ವೂಫರ್ ಹಿಂದಿರುವ ಕ್ರಾಸ್‌ಓವರ್ ತಿರುಪನ್ನು ಪೂರ್ತಿ ಮೇಲಕ್ಕೆ ತಿರುಗಿಸಿ. ಇಲ್ಲದಿದ್ದರೆ ಅದೊಂದು ಸಲ, ರಿಸೀವರ್ ಒಂದು ಸಲ, ಎರಡೆರಡು ಕತ್ತರಿ ಬೀಳುತ್ತದೆ.

ಇಕ್ಯು (ಸ್ವರಗಳ ಏರಿಳಿತ ತಿದ್ದುವುದು) ಬಗ್ಗೆ ಚಿಕ್ಕದಾಗಿ. ಆಡಿಸ್ಸಿಯಲ್ಲಿ ‘ರೆಫರೆನ್ಸ್’, ‘ಫ್ಲ್ಯಾಟ್’ ಅಂತ ಇವೆ. ವೈಪಿಎಓದಲ್ಲಿ ‘ಫ್ಲ್ಯಾಟ್’, ‘ಫ್ರಂಟ್’, ‘ನ್ಯಾಚುರಲ್’. ಟೈಲ್ಸ್ ಇರುವ ಹಾಲ್‌ನಲ್ಲಿ ಫ್ಲ್ಯಾಟ್ ಕಿವಿಗೆ ಚುಚ್ಚುತ್ತದೆ. ಮೇಲಿನ ಸ್ವರಗಳನ್ನು ಸ್ವಲ್ಪ ತಗ್ಗಿಸುವ ರೆಫರೆನ್ಸ್, ನ್ಯಾಚುರಲ್ ಎರಡೂ ನನಗೆ ಹಿತವಾದವು. ಮುಂದೆ ಒಂದು ದಪ್ಪ ಜಮಖಾನ ಹಾಸಿ, ಕಿಟಕಿಗೆ ಭಾರದ ಕರ್ಟನ್ ಹಾಕಿ ಮತ್ತೆ ಅಳೆದ ಮೇಲೆ ಇವುಗಳ ನಡುವಿನ ವ್ಯತ್ಯಾಸವೇ ಸಣ್ಣದಾಯಿತು.

ರಾತ್ರಿ ಮೆಲ್ಲಗೆ ಕೇಳುವವರು ಡೆನಾನ್‌ನ ‘ಡೈನಾಮಿಕ್ ಇಕ್ಯು’ ಆನ್ ಇಡಿ. ವಾಲ್ಯೂಮ್ ಇಳಿಸಿದಾಗ ಬಾಸ್ ಮಾಯವಾಗದ ಹಾಗೆ ನೋಡಿಕೊಳ್ಳುತ್ತದೆ. ಯಮಹಾದಲ್ಲಿ ಇದೇ ಕೆಲಸಕ್ಕೆ ‘ವೈಪಿಎಓ ವಾಲ್ಯೂಮ್’ ಇದೆ. ಡೈನಾಮಿಕ್ ಇಕ್ಯು ಜೊತೆ, ಆ ಬಾಸ್ ಏರಿಕೆಯನ್ನು ತಗ್ಗಿಸುವ ‘ರೆಫರೆನ್ಸ್ ಲೆವೆಲ್ ಆಫ್‌ಸೆಟ್’ ಇರುತ್ತದೆ. ಸಿನಿಮಾಗೆ 0 ಸರಿ. ಟಿವಿ, ಹಾಡುಗಳಿಗೆ 10 ಅಥವಾ 15 ಇಡದಿದ್ದರೆ ಬಾಸ್ ಅತಿಯಾಗುತ್ತದೆ.

ವೈರ್ ಎಲ್ಲಿಗೆ: ಟಿವಿಗಾ, ರಿಸೀವರ್‌ಗಾ?

ಸ್ಟಿಕ್, ಸೆಟ್‌ಟಾಪ್ ಬಾಕ್ಸ್, ಪ್ಲೇಯರ್ ಎಲ್ಲವನ್ನೂ ಟಿವಿಗೆ ಚುಚ್ಚಿ, ಅಲ್ಲಿಂದ ಒಂದೇ ಎಚ್‌ಡಿಎಂಐ ವೈರಿನಲ್ಲಿ ಎಆರ್‌ಸಿ (ಟಿವಿಯಿಂದ ಸದ್ದನ್ನು ವಾಪಸ್ ಕಳಿಸುವ ವ್ಯವಸ್ಥೆ) ಮೂಲಕ ಸದ್ದನ್ನು ರಿಸೀವರ್‌ಗೆ ತರುವುದು ಒಂದು ದಾರಿ. ಎಲ್ಲವನ್ನೂ ರಿಸೀವರ್‌ಗೇ ಕೊಟ್ಟು ಟಿವಿಗೆ ಚಿತ್ರ ಕಳಿಸುವುದು ಇನ್ನೊಂದು. ಅನುಕೂಲಕ್ಕೆ ಮೊದಲನೆಯದೇ. ಅಮ್ಮ ಟಿವಿ ರಿಮೋಟ್ ಒತ್ತಿದರೆ ರಿಸೀವರ್ ತಾನೇ ಎದ್ದು ಧಾರಾವಾಹಿ ಶುರುವಾಗುತ್ತದೆ, ವಾಲ್ಯೂಮೂ ಅದೇ ರಿಮೋಟಿನಲ್ಲಿ. ಇದಕ್ಕೆ ಸಿಇಸಿ ಆನ್ ಇರಬೇಕು. ಸ್ಯಾಮ್‌ಸಂಗ್‌ನಲ್ಲಿ ಅದನ್ನು ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್ ಅಂತಾರೆ. ಟಿವಿಯ ಡಿಜಿಟಲ್ ಆಡಿಯೋ ಔಟ್‌ಪುಟ್ ಪಿಸಿಎಂ ಅಂತಿದ್ದರೆ ಹಳೆಯ ಎಆರ್‌ಸಿಯಲ್ಲಿ ಬರೀ ಎರಡು ಚಾನಲ್ ಬರುತ್ತದೆ. ಅದನ್ನು ಆಟೋ ಅಥವಾ ಪಾಸ್‌ಥ್ರೂ ಮಾಡಿ. ಹಿಂದಿನ ಸ್ಪೀಕರ್ ಸದ್ದೇ ಮಾಡುತ್ತಿಲ್ಲ ಅಂತ ಫೋನ್ ಮಾಡುವ ಸ್ನೇಹಿತರಿಗೆ ನಾನು ಮೊದಲು ಹೇಳುವುದು ಇದನ್ನೇ.

ಓಟಿಟಿಯಲ್ಲಿ ಬರುವ ಡಾಲ್ಬಿ ಡಿಜಿಟಲ್ ಪ್ಲಸ್, ಅದರೊಳಗಿನ ಅಟ್ಮಾಸ್ ಸಹಿತ, ಸಾಮಾನ್ಯ ಎಆರ್‌ಸಿಯಲ್ಲೂ ಹಾದುಹೋಗಬಲ್ಲದು. ಬ್ಲೂರೇಯ ಟ್ರೂಎಚ್‌ಡಿ (ಗುಣಮಟ್ಟ ಕಳೆದುಕೊಳ್ಳದ ಆಡಿಯೋ) ಹೋಗುವುದಿಲ್ಲ, ಅದಕ್ಕೆ ಇಎಆರ್‌ಸಿ (ಎಆರ್‌ಸಿಯ ಹೊಸ, ಹೆಚ್ಚು ಸಾಮರ್ಥ್ಯದ ರೂಪ) ಬೇಕು, ಟಿವಿ ಮತ್ತು ರಿಸೀವರ್ ಎರಡರಲ್ಲೂ. ಹಾಗಾಗಿ ನಾನು ಡಿಸ್ಕ್ ಪ್ಲೇಯರನ್ನು ನೇರ ರಿಸೀವರ್‌ಗೆ ಕೊಟ್ಟೆ, ಉಳಿದದ್ದನ್ನು ಟಿವಿಗೆ ಬಿಟ್ಟೆ. 4ಕೆ ಎಚ್‌ಡಿಆರ್ ಚಿತ್ರ ಬರದಿದ್ದರೆ ಡೆನಾನ್‌ನ ವಿಡಿಯೋ ಮೆನುವಿನಲ್ಲಿ ಸಿಗ್ನಲ್ ಫಾರ್ಮ್ಯಾಟನ್ನು ‘ಎನ್‌ಹ್ಯಾನ್ಸ್ಡ್’ ಮಾಡಬೇಕಾಗಬಹುದು.

ಭಾವನವರ ಮನೆಯಲ್ಲಿ ಇದೇ ಕ್ರಮದಲ್ಲಿ ಕೂತೆವು. ಮೊದಲು ಮೈಕ್, ಆಮೇಲೆ ಎಲ್ಲ ಸ್ಪೀಕರ್ ಸ್ಮಾಲ್, ಆಮೇಲೆ ಕ್ರಾಸ್‌ಓವರ್. ಅವರ ಸೆಂಟರ್ ಸ್ಪೀಕರ್ ಅಂಗೈ ಅಗಲದ್ದು. 80ರಲ್ಲಿ ಅದರ ದನಿ ತೆಳ್ಳಗಾಗಿತ್ತು. ಸೆಂಟರ್ ಒಂದನ್ನೇ 100ಕ್ಕೆ ಏರಿಸಿ, ಮುಂದಿನ ಎರಡನ್ನು 80ರಲ್ಲೇ ಬಿಟ್ಟೆವು. ಅವರಿಗೆ ಅದೇ ಇಷ್ಟವಾಯಿತು. ಎಲ್ಲ ಸೆಟ್ಟಿಂಗ್ ಪುಟಗಳ ಫೋಟೋ ಈಗ ಅವರ ಫೋನಿನಲ್ಲಿದೆ. ಸೋಫಾ ಜರುಗಿಸಿದರೆ ಮೈಕ್ ಮತ್ತೆ ಹೊರಗೆ ತೆಗೆಯಲೇಬೇಕು, ಆಗ ಕೈಯಿಂದ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ. ಫೋಟೋ ನೋಡಿಕೊಂಡು ಸ್ಮಾಲ್ ಮತ್ತು ಕ್ರಾಸ್‌ಓವರ್ ಅಂಕಿಗಳನ್ನು ಮಾತ್ರ ತುಂಬಿದರೆ ಆಯಿತು. ದೂರ, ಲೆವೆಲ್ ಹೊಸ ಅಳತೆಯದ್ದೇ ಇರಲಿ.