ವೈರಸ್ ಹೋಯ್ತು, ಹಿಂದೆಯೇ ನೆಟ್ಟೂ ಹೋಯ್ತು: ನಾನು ಮಾಡಿ ನೋಡಿದ ನಾಲ್ಕು ದಾರಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಪ್ಪು ಕಿಟಕಿಗೆ. ಅಂದರೆ ಆಜ್ಞೆ ಟೈಪ್ ಮಾಡಿ ಕೆಲಸ ಮಾಡಿಸುವ ಕಮಾಂಡ್ ಪ್ರಾಂಪ್ಟ್‌ಗೆ, ಅದರ ಜೊತೆಗೆ ಪ್ರಾಕ್ಸಿ, ಅಂದರೆ ನೆಟ್ಟಿನ ನಡುವೆ ನಿಲ್ಲುವ ಮಧ್ಯವರ್ತಿ, ಅನ್ನುವ ಒಂದೇ ಒಂದು ಸ್ವಿಚ್ಚಿಗೆ. ಉಳಿದ ಮೂರು ದಾರಿಗಳನ್ನೂ, ಅಂದರೆ ನೆಟ್‌ವರ್ಕ್ ರೀಸೆಟ್, ಅಂಗಡಿಯ ಫಾರ್ಮ್ಯಾಟ್, ಒಂದು ಉಚಿತ ಪ್ರೋಗ್ರಾಂ, ಮಾಡಿ ನೋಡಿದ್ದೇನೆ. ಒಂದಕ್ಕೆ ದುಡ್ಡು ಕೊಟ್ಟಿದ್ದೇನೆ, ಅದರ ಸಿಟ್ಟು ಇನ್ನೂ ಇಳಿದಿಲ್ಲ. ಹಾಗಾಗಿ ಈ ಹೋಲಿಕೆಯಲ್ಲಿ ತಕ್ಕಡಿ ಸ್ವಲ್ಪ ವಾಲಿದೆ ಅನಿಸಿದರೆ ಅದು ನಿಜವೇ.

ದುಡ್ಡು ಕೊಟ್ಟ ಕತೆ ಎರಡು ವರ್ಷ ಹಿಂದಿನದು. ಶಿರಸಿ ಪೇಟೆಯಿಂದ ಸ್ವಲ್ಪ ಒಳಗಿರುವ ನಮ್ಮೂರಲ್ಲಿ ಕೂತು ನಾನು ಕನ್ನಡ ಟೈಪಿಂಗ್, ಕರೆಯೋಲೆ, ಸಂಘದ ವರದಿ ಇಂಥ ಕೆಲಸ ಮಾಡುತ್ತೇನೆ. ಆಗಲೂ ಹೀಗೇ, ವೈರಸ್ ತೆಗೆದ ಮೇಲೆ ನೆಟ್ ಬರಲಿಲ್ಲ. ಲ್ಯಾಪ್‌ಟಾಪ್ ಹೊತ್ತುಕೊಂಡು ಒಂದು ಅಂಗಡಿಗೆ ಹೋದೆ. ಅವರು ಹತ್ತು ನಿಮಿಷವೂ ನೋಡಲಿಲ್ಲ, 'ಫಾರ್ಮ್ಯಾಟ್ ಮಾಡ್ಬೇಕು ಮೇಡಂ' ಅಂದರು. ಫಾರ್ಮ್ಯಾಟ್‌ಗೆ 600 ರೂಪಾಯಿ, ಮೇಲೆ ಒಂದು ವರ್ಷದ ಆಂಟಿವೈರಸ್ ಅಂತ 450. ಮೂರು ದಿನ ಬಿಟ್ಟು ಬನ್ನಿ ಅಂದರು.

ನೆಟ್ ಬಂತು, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಮನೆಗೆ ಬಂದು ಹಳೇ ಮದುವೆ ಕರೆಯೋಲೆಯೊಂದನ್ನು ತೆರೆದರೆ ವಧೂವರರ ಹೆಸರಿರಬೇಕಾದಲ್ಲಿ ಇಂಗ್ಲಿಷ್ ಅಕ್ಷರ, ಕಂಸ, ಪ್ರಶ್ನೆಚಿಹ್ನೆಗಳ ಜಾತ್ರೆ. ಫೈಲುಗಳೆಲ್ಲ ಡಿ ಡ್ರೈವಿನಲ್ಲಿ ಕ್ಷೇಮವಾಗಿದ್ದವು, ಆದರೆ ಸಿ ಡ್ರೈವಿನಲ್ಲಿದ್ದ 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶ ಮತ್ತು ಅದರ ಫಾಂಟುಗಳು ಒರೆಸಿಹೋಗಿದ್ದವು. ನನ್ನ ಹಳೇ ಫೈಲುಗಳೆಲ್ಲ ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಕ್ಷರದವಲ್ಲ, ಆ ಫಾಂಟು ಇಲ್ಲದಿದ್ದರೆ ಅವು ಓದಲು ಬಾರದ ಗೀಚು. ಸ್ಕ್ಯಾನರಿನ ಡ್ರೈವರ್ ಸಿಡಿಯಲ್ಲಿತ್ತು, ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಜಾಗವೇ ಇಲ್ಲ. ಎಲ್ಲ ಮೊದಲಿನ ಹಾಗೆ ಆಗಲು ಒಂದು ವಾರ ಹಿಡಿಯಿತು. ಒಂದು ಬಾಗಿಲ ಚಿಲಕ ಕೆಟ್ಟರೆ ಮನೆಯನ್ನೇ ಕೆಡವಿ ಕಟ್ಟಿದ ಹಾಗಾಯಿತು.

ಈ ಸಲ ಆಷಾಢದ ಮಳೆಯಲ್ಲಿ ಮತ್ತೆ ಅದೇ. ಎರಡು ಪಿಡಿಎಫ್ ಜೋಡಿಸಬೇಕಿತ್ತು. ಗಡಿಬಿಡಿಯಲ್ಲಿ ಯಾವುದೋ ಪುಟದ ದೊಡ್ಡ ಹಸಿರು ಡೌನ್‌ಲೋಡ್ ಬಟನ್ ಒತ್ತಿದೆ. ಬ್ರೌಸರಿನ ಮೊದಲ ಪುಟ ಬದಲಾಯಿತು, ಎಲ್ಲಿ ಒತ್ತಿದರೂ ಜಾಹೀರಾತು. ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್, ವಿಂಡೋಸ್ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಹಾಕಿ ತೆಗೆದೆ. ತೆಗೆದೆ ಅಂದುಕೊಂಡು ಚಾ ಕುಡಿದು ಬಂದು ನೋಡಿದರೆ ಒಂದು ಪುಟವೂ ತೆರೆಯುವುದಿಲ್ಲ.

ನಮ್ಮ ಕಡೆ ಮಳೆಗಾಲದಲ್ಲಿ ನೆಟ್ ಹೋದರೆ ಯಾರೂ ಕಂಪ್ಯೂಟರನ್ನು ಅನುಮಾನಿಸುವುದಿಲ್ಲ. ಎಲ್ಲೋ ಕೇಬಲ್ ಮೇಲೆ ಮರ ಬಿದ್ದಿದೆ ಅಂತ ಸುಮ್ಮನಾಗುತ್ತೇವೆ. ನಾನೂ ಎರಡು ದಿನ ಸುಮ್ಮನಾದೆ. ಮೂರನೇ ದಿನ ಫೈಬರ್ ಡಬ್ಬಿ ನೋಡಿದೆ. ಲೈನ್ ಕಡಿದಿದ್ದರೆ ಅದರಲ್ಲಿ ಲಾಸ್ (LOS) ಅಂತ ಬರೆದಿರುವ ದೀಪ ಕೆಂಪಗೆ ಮಿನುಗಬೇಕು. ಮಿನುಗುತ್ತಿರಲಿಲ್ಲ. ಅದೇ ವೈಫೈನಲ್ಲಿ ಫೋನು ಚೆನ್ನಾಗಿಯೇ ನಡೆಯುತ್ತಿತ್ತು. ಫೋನಿನ ಡೇಟಾವನ್ನು ಯುಎಸ್‌ಬಿ ವಯರಿನಲ್ಲಿ ಲ್ಯಾಪ್‌ಟಾಪಿಗೆ ಕೊಟ್ಟೆ, ಆಗಲೂ ಪುಟ ಇಲ್ಲ. ಅಲ್ಲಿಗೆ ತಪ್ಪು ಲೈನಿನದಲ್ಲ, ಲ್ಯಾಪ್‌ಟಾಪಿನ ಒಳಗೇ ಅಂತಾಯಿತು.

ಆಮೇಲೆ ಕಪ್ಪು ಕಿಟಕಿ ತೆರೆದು ಪಿಂಗ್ (ping) 8.8.8.8 ಹೊಡೆದೆ, ಅಂದರೆ ಗೂಗಲ್‌ನ ಒಂದು ಸರ್ವರನ್ನು ಕೂಗಿ ಕರೆದು ಉತ್ತರ ಬರುತ್ತದಾ ನೋಡಿದೆ. ನಾಲ್ಕಕ್ಕೆ ನಾಲ್ಕೂ ಉತ್ತರ ಬಂತು. ನೆಟ್ ಇದೆ, ಬ್ರೌಸರಿಗೆ ಮಾತ್ರ ಸಿಗುತ್ತಿಲ್ಲ! ಈ ಒಂದು ಪರೀಕ್ಷೆಗೆ ಅರ್ಧ ನಿಮಿಷ ಸಾಕು, ಅಂಗಡಿಗೆ ಹೋಗುವ ಮೊದಲು ದಯವಿಟ್ಟು ಮಾಡಿ.

ಪುಸ್ತಕದ ಕ್ರಮದಲ್ಲಿ ಹೊರಟೆ. ಕಮಾಂಡ್ ಪ್ರಾಂಪ್ಟ್ ಮೇಲೆ ಬಲಗುಂಡಿ ಒತ್ತಿ 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಕೊಟ್ಟು 'ನೆಟ್‌ಶ್ ವಿನ್‌ಸಾಕ್ ರೀಸೆಟ್' (netsh winsock reset), ನಂತರ 'ನೆಟ್‌ಶ್ ಐಎನ್‌ಟಿ ಐಪಿ ರೀಸೆಟ್' (netsh int ip reset). ಎರಡೂ ನೆಟ್ಟಿನ ಒಳಗಿನ ಸೆಟ್ಟಿಂಗನ್ನು ಮೊದಲಿನ ಹಾಗೆ ಮಾಡುವ ಕಮಾಂಡುಗಳು. ರೀಸ್ಟಾರ್ಟ್ ಮಾಡು ಅಂತು, ಮಾಡಿದೆ. ಏನೂ ಆಗಲಿಲ್ಲ.

ಎರಡನೇ ದಾರಿ ಸೆಟ್ಟಿಂಗ್ಸ್ ಒಳಗಿನ ನೆಟ್‌ವರ್ಕ್ ರೀಸೆಟ್. 2016ರಿಂದ ವಿಂಡೋಸ್ 10ರಲ್ಲಿ ಇದೆ, 11ರಲ್ಲೂ ಇದೆ. ಒಂದೇ ಬಟನ್. ವೈಫೈ, ಕೇಬಲ್ಲಿನ ಜೋಡಣೆ ನೋಡಿಕೊಳ್ಳುವ ನೆಟ್‌ವರ್ಕ್ ಅಡಾಪ್ಟರುಗಳನ್ನೆಲ್ಲ ವಿಂಡೋಸಿನಿಂದ ಕಿತ್ತು ಹೊಸದಾಗಿ ಕೂರಿಸುತ್ತದೆ, ಐದು ನಿಮಿಷದ ಎಚ್ಚರಿಕೆ ಕೊಟ್ಟು ತಾನೇ ರೀಸ್ಟಾರ್ಟ್ ಆಗುತ್ತದೆ. ವೈಫೈ ಪಾಸ್‌ವರ್ಡುಗಳೆಲ್ಲ ಮರೆತುಹೋಗುತ್ತವೆ. ನಮ್ಮನೆಯ ಪಾಸ್‌ವರ್ಡು ಡಬ್ಬಿಯ ಬೆನ್ನಿಗೆ ಇರುವೆ ಗಾತ್ರದ ಅಕ್ಷರದಲ್ಲಿದೆ. ಟಾರ್ಚ್ ಹಿಡಿದು, ಅಪ್ಪಯ್ಯನ ಕನ್ನಡಕ ಹಾಕಿಕೊಂಡು ಓದಿದೆ. ಇಷ್ಟೆಲ್ಲ ಆದಮೇಲೂ ಅದೇ ಖಾಲಿ ಪುಟ.

ಆಗ ಬುದ್ಧಿ ಬಂತು. ಅಲ್ಲಿಯತನಕ ನಾನು ಬ್ರೌಸರಿನ ತಪ್ಪಿನ ಪುಟವನ್ನು ಓದಿಯೇ ಇರಲಿಲ್ಲ, ರಿಫ್ರೆಶ್ ಒತ್ತುವುದಷ್ಟೇ. ಓದಿದರೆ ಅದರಲ್ಲೇ 'ಪ್ರಾಕ್ಸಿ' ಅಂತ ಬರೆದಿದೆ! ಸೆಟ್ಟಿಂಗ್ಸಿನಲ್ಲಿ ಪ್ರಾಕ್ಸಿ ಪುಟ ತೆಗೆದೆ. 'ಯೂಸ್ ಎ ಪ್ರಾಕ್ಸಿ ಸರ್ವರ್' ಆನ್ ಇತ್ತು. ವಿಳಾಸ 127.0.0.1, ಪಕ್ಕದಲ್ಲಿ ಪೋರ್ಟು, ಅಂದರೆ ಬಾಗಿಲ ಸಂಖ್ಯೆಯ ಹಾಗೆ, ಯಾವುದೋ ಐದಂಕಿ.

127.0.0.1 ಅಂದರೆ ಇದೇ ಕಂಪ್ಯೂಟರು. ನಾನು ನೋಡುವ ಪುಟಗಳೆಲ್ಲ ತನ್ನ ಕೈದಾಟಿಯೇ ಹೋಗಲಿ, ನಡುವೆ ಜಾಹೀರಾತು ತುರುಕೋಣ ಅಂತ ಆ ವೈರಸ್ ಇದನ್ನು ಹಾಕಿಟ್ಟಿತ್ತು. ನಮ್ಮ ಹಳ್ಳಿಗಳಲ್ಲಿ ಟಪಾಲನ್ನು ಕೂಡುರಸ್ತೆಯ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾರಲ್ಲ, ಹಾಗೆ. ಈಗ ಅಂಗಡಿ ಮುಚ್ಚಿದೆ, ಆದರೆ ಟಪಾಲು ಅಲ್ಲೇ ಕೊಡಿ ಅನ್ನುವ ಚೀಟಿ ಮಾತ್ರ ಹಾಗೇ ಇದೆ. ಡಿಫೆಂಡರ್ ವೈರಸ್ಸನ್ನು ತೆಗೆಯಿತು, ಚೀಟಿ ಹರಿಯಲಿಲ್ಲ. ಪಿಂಗ್ ಈ ಅಂಗಡಿಗೆ ಹೋಗುವುದೇ ಇಲ್ಲ, ನೇರ ದಾರಿ ಹಿಡಿಯುತ್ತದೆ, ಅದಕ್ಕೇ ಅದಕ್ಕೆ ಉತ್ತರ ಬರುತ್ತಿತ್ತು. ಅಡಾಪ್ಟರ್ ಕಿತ್ತು ಕೂರಿಸಿದರೂ ನನ್ನ ಲ್ಯಾಪ್‌ಟಾಪಿನಲ್ಲಿ ಪ್ರಾಕ್ಸಿ ಹಾಗೇ ಉಳಿದಿತ್ತು.

ಸ್ವಿಚ್ ಆಫ್ ಮಾಡಿದೆ. ಪುಟ ತೆರೆಯಿತು. ಆವತ್ತಿನ ಅಡಿಕೆ ರೇಟು ನೋಡಿ ಅಪ್ಪಯ್ಯನಿಗೆ ಹೇಳಿದೆ, ಶಟ್‌ಡೌನ್ ಮಾಡಿ ಮಲಗಿದೆ.

ಬೆಳಿಗ್ಗೆ ಮತ್ತೆ ಇಲ್ಲ. ಪ್ರಾಕ್ಸಿ ಪುಟಕ್ಕೆ ಹೋದರೆ ಸ್ವಿಚ್ ಆನ್! ನಾನೇ ಸರಿಯಾಗಿ ಉಳಿಸಿರಲಿಲ್ಲವೇನೋ ಅಂದುಕೊಂಡು ಮತ್ತೆ ಆಫ್ ಮಾಡಿದೆ. ಮರುದಿನ ಬೆಳಿಗ್ಗೆ ಮತ್ತೆ ಆನ್. ಈ ಆಟ ನಾಲ್ಕು ದಿನ ನಡೆಯಿತು. ನಡುವೆ ವಿಡಿಯೋ ನೋಡಿ 'ನೆಟ್‌ಶ್ ವಿನ್‌ಎಚ್‌ಟಿಟಿಪಿ ರೀಸೆಟ್ ಪ್ರಾಕ್ಸಿ' ಅನ್ನುವ ಕಮಾಂಡೂ ಕೊಟ್ಟೆ. ಅದು ಬೇರೆಯದೇ ಪ್ರಾಕ್ಸಿ, ವಿಂಡೋಸ್ ಅಪ್‌ಡೇಟ್‌ನಂಥವು ಬಳಸುವುದು. ಬ್ರೌಸರಿನ ಸ್ವಿಚ್ಚಿಗೂ ಅದಕ್ಕೂ ಸಂಬಂಧವಿಲ್ಲ. ಇದು ಹೆಚ್ಚಿನವರು ಎಡವುವ ಜಾಗ.

ಐದನೇ ದಿನ ಕರೆಂಟ್ ಹೋಯಿತು, ಆದರೆ ಬ್ಯಾಟರಿ ಇತ್ತು. ಶಟ್‌ಡೌನ್ ಮಾಡದೆ ಲ್ಯಾಪ್‌ಟಾಪ್ ಮುಚ್ಚಿಟ್ಟು ರಾತ್ರಿ ತೆರೆದೆ. ನೆಟ್ ಹಾಗೇ ಇತ್ತು. ಅಂದರೆ ಮುಚ್ಚಿ ತೆರೆದರೆ ತೊಂದರೆ ಇಲ್ಲ, ರೀಸ್ಟಾರ್ಟ್ ಮಾಡಿ ಲಾಗಿನ್ ಆದರೆ ಮಾತ್ರ ಸ್ವಿಚ್ ಆನ್ ಆಗುತ್ತದೆ. ಲಾಗಿನ್ ಆಗುವ ಹೊತ್ತಿಗೆ ಯಾರೋ ಎದ್ದು ಬಂದು ಸ್ವಿಚ್ ಹಾಕುತ್ತಿದ್ದಾರೆ. ಸ್ಟಾರ್ಟಪ್ ಪಟ್ಟಿಯಲ್ಲಿ ಯಾರೂ ಇಲ್ಲ. ಯಾವ ಕೆಲಸ ಯಾವಾಗ ತಾನಾಗಿ ನಡೆಯಬೇಕು ಅನ್ನುವ ಪಟ್ಟಿ ಇರುವ ಟಾಸ್ಕ್ ಶೆಡ್ಯೂಲರ್ ತೆರೆದೆ. ಬ್ರೌಸರ್, ಪ್ರಿಂಟರಿನವುಗಳ ನಡುವೆ ಸಭ್ಯವಾಗಿ 'ಅಪ್‌ಡೇಟ್' ಅಂತ ಹೆಸರಿಟ್ಟುಕೊಂಡ ಒಂದು ಸಾಲು. ಟ್ರಿಗರ್: 'ಅಟ್ ಲಾಗ್ ಆನ್'. ಆ್ಯಕ್ಷನ್ ಅನ್ನುವ ಹಾಳೆಗೆ ಹೋದರೆ ಪ್ರೋಗ್ರಾಂ ಅಂತ ಇದ್ದದ್ದು ಬರೀ 'ರೆಗ್', ಅದರ ಮುಂದೆ ಒಂದು ಉದ್ದ ಸಾಲು. ಸಾಲಿನ ನಡುವೆ 'ಪ್ರಾಕ್ಸಿಎನೇಬಲ್', ಕೊನೆಗೆ 1, ಅಂದರೆ ಪ್ರಾಕ್ಸಿ ಆನ್.

ರೆಗ್ ವಿಂಡೋಸಿನದೇ ಪ್ರೋಗ್ರಾಂ, ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಬರೆಯುವುದು ಅದರ ಕೆಲಸ. ಅಲ್ಲಿ ವೈರಸ್ ಫೈಲು ಅಂತ ಒಂದಿರಲೇ ಇಲ್ಲ, ಡಿಫೆಂಡರ್ ಯಾರನ್ನು ಹಿಡಿಯಬೇಕು ಹೇಳಿ. ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ವಿನ್‌ಸಾಕ್ ರೀಸೆಟ್‌ಗೂ ರೀಸ್ಟಾರ್ಟ್ ಬೇಕು, ನೆಟ್‌ವರ್ಕ್ ರೀಸೆಟ್‌ಗೂ ರೀಸ್ಟಾರ್ಟ್ ಬೇಕು, ಪ್ರತಿ ರೀಸ್ಟಾರ್ಟ್‌ಗೂ ಈ ಸಾಲು ಓಡುತ್ತದೆ. ನಡುವೆ ಯಾವುದಾದರೂ ಔಷಧ ಹಿಡಿದಿದ್ದರೂ ನನಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಫೋನಿನಲ್ಲಿ ಫೋಟೋ ತೆಗೆದುಕೊಂಡು ಆ ಸಾಲನ್ನು ಡಿಸೇಬಲ್ ಮಾಡಿದೆ. ಪ್ರಾಕ್ಸಿ ಆಫ್, ರೀಸ್ಟಾರ್ಟ್, ನೆಟ್ ಇದೆ. ಮೂರು ಸಲ ರೀಸ್ಟಾರ್ಟ್ ಮಾಡಿ ನೋಡಿದೆ, ಇದೆ. ಎರಡು ದಿನ ಬಿಟ್ಟು ಡಿಲೀಟ್ ಮಾಡಿದೆ. ನೀವೂ ಮೊದಲು ಡಿಸೇಬಲ್ಲೇ ಮಾಡಿ, ಅಲ್ಲಿ ಒಳ್ಳೆಯ ಟಾಸ್ಕುಗಳೂ ಇರುತ್ತವೆ.

ಹಾಗಾದರೆ ವಿನ್‌ಸಾಕ್ ಕಮಾಂಡ್ ಸುಮ್ನೆ ದಂಡವಾ? ಅಲ್ಲ. ಅದರ ತಾಕತ್ತು ಕಂಡದ್ದು ಕುಮಟಾದ ಭಾವನ ಮನೆಯಲ್ಲಿ. ಭಾವನದು ಹಳೇ ಡೆಸ್ಕ್‌ಟಾಪ್, ವಿಂಡೋಸ್ 7. 'ಎಂತ ಮಾಡಿದ್ರೂ ನೆಟ್ ಬತ್ತಿಲ್ಲೆ ಮಾರಾಯ್ತಿ' ಅಂತ ಫೋನು. ಫೋನಲ್ಲೇ ಪಿಂಗ್ ಹೊಡೆಸಿದೆ. ಉತ್ತರವೂ ಇಲ್ಲ, ಟೈಮ್‌ಔಟೂ ಇಲ್ಲ, ವಿಂಡೋಸ್ ಸಾಕೆಟ್ಸ್ ಶುರು ಮಾಡಲಾಗಲಿಲ್ಲ ಅನ್ನುವ ಅರ್ಥದ ಒಂದು ಸಾಲು. ಇದು ಬೇರೆ ರೋಗ. ಹಳೇ ವಿಂಡೋಸಿನಲ್ಲಿ ನೆಟ್ಟಿನ ದಾರಿಯೊಳಗೆ ಕೊಂಡಿ ಹಾಕಿಕೊಂಡು ಕೂರಲು ಪ್ರೋಗ್ರಾಂಗಳಿಗೆ ಅವಕಾಶ ಇತ್ತು, ಎಲ್‌ಎಸ್‌ಪಿ ಅಂತ ಹೆಸರು. ವೈರಸ್ಸಿನ ಫೈಲು ಅಳಿಸಿದರೆ ಸರಪಳಿಯ ನಡುವಿನ ಕೊಂಡಿಯೇ ತುಂಡು. ವಿನ್‌ಸಾಕ್ ರೀಸೆಟ್ ಆ ಸರಪಳಿಯನ್ನು ಹೊಸದಾಗಿ ಹೆಣೆಯುತ್ತದೆ. ಒಂದು ಕಮಾಂಡ್, ಒಂದು ರೀಸ್ಟಾರ್ಟ್, ಭಾವನ ನೆಟ್ ಬಂತು. ಶಿರಸಿಯಿಂದ ಕುಮಟಾಕ್ಕೆ ಹೋಗುವ ದಾರಿಯ ದೇವಿಮನೆ ಘಟ್ಟ ಇಳಿಯುವುದೂ ತಪ್ಪಿತು. ವಿಂಡೋಸ್ 8ರ ಕಾಲಕ್ಕೇ ಮೈಕ್ರೋಸಾಫ್ಟ್ ಈ ಎಲ್‌ಎಸ್‌ಪಿಯನ್ನು ಬದಿಗೆ ಸರಿಸಿತು, ಹಾಗಾಗಿ ಹೊಸ ಕಂಪ್ಯೂಟರುಗಳಲ್ಲಿ ಈ ರೋಗ ಕಡಿಮೆ. ವಿಂಡೋಸ್ 7ಕ್ಕೆ ಭದ್ರತೆಯ ಅಪ್‌ಡೇಟ್ ನಿಂತದ್ದು 2020ರ ಜನವರಿ 14ಕ್ಕೆ, ಅದನ್ನು ಬದಲಿಸು ಭಾವ ಅಂತ ಪ್ರತಿ ಸಲ ಹೇಳುತ್ತೇನೆ. ದೀಪಾವಳಿಗೆ ನೋಡೋಣ ಅನ್ನುತ್ತಾರೆ.

ನಾಲ್ಕನೇ ದಾರಿ, ಕಪ್ಪು ಕಿಟಕಿ ಕಂಡರೆ ಹೆದರುವವರಿಗೆ: ಮಾಲ್‌ವೇರ್‌ಬೈಟ್ಸ್ ಕಂಪನಿಯ ಆ್ಯಡ್‌ಡಬ್ಲ್ಯೂಕ್ಲೀನರ್ (AdwCleaner), ಜಾಹೀರಾತು ತುರುಕುವ ವೈರಸ್ ತೆಗೆಯುವ ಪ್ರೋಗ್ರಾಂ. ಉಚಿತ, ಇನ್‌ಸ್ಟಾಲ್ ಬೇಡ. ಫೋನಿನಲ್ಲಿ ಇಳಿಸಿಕೊಂಡು ವಯರಿನಲ್ಲಿ ಲ್ಯಾಪ್‌ಟಾಪಿಗೆ ಹಾಕಬಹುದು. ಅದರ ಸೆಟ್ಟಿಂಗ್ಸಿನಲ್ಲಿ ಬೇಸಿಕ್ ರಿಪೇರಿ ಅಂತ ಇದೆ. ವಿನ್‌ಸಾಕ್, ಪ್ರಾಕ್ಸಿ, ಸೈಟಿನ ಹೆಸರಿಗೆ ವಿಳಾಸ ಬರೆದಿಡುವ ಹೋಸ್ಟ್ಸ್ ಫೈಲು ಎಲ್ಲಕ್ಕೂ ಒಂದೊಂದು ಸ್ವಿಚ್ಚು. ಪಕ್ಕದ ಮನೆಯ ಕಂಪ್ಯೂಟರಿನಲ್ಲಿ ಮಾಡಿ ನೋಡಿದೆ, ಕೆಲಸ ಸಲೀಸು. ಆದರೆ ಕಂಡದ್ದೆಲ್ಲ ಆನ್ ಮಾಡಬೇಡಿ. ನೆಟ್ಟಿನ ಕಾವಲುಗಾರ ಫೈರ್‌ವಾಲಿನ ನಿಯಮ ಅಳಿಸುವ ಸ್ವಿಚ್ಚೂ ಅಲ್ಲೇ ಇದೆ.

ಕಂಪ್ಯೂಟರಿನ ಸೆಟ್ಟಿಂಗನ್ನು ಹಿಂದಿನ ಸ್ಥಿತಿಗೆ ತರುವ ಸಿಸ್ಟಮ್ ರೀಸ್ಟೋರ್ ಪರೀಕ್ಷಿಸೋಣ ಅಂತ ಹೋದರೆ ನನ್ನಲ್ಲಿ ಆನ್ ಆಗಿಯೇ ಇರಲಿಲ್ಲ. ಮುಗಿಯಿತು.

ಪ್ರಾಕ್ಸಿ ಆಫ್ ಇದ್ದು, ಪಿಂಗ್ 8.8.8.8ಕ್ಕೆ ಉತ್ತರ ಬಂದು, ಸೈಟಿನ ಹೆಸರಿನಿಂದ ಪಿಂಗ್ ಮಾಡಿದರೆ ಮಾತ್ರ ಬರದಿದ್ದರೆ, ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ನೋಡಿ. ಡಿಎನ್‌ಎಸ್ ವಿಳಾಸ ಆಟೋಮ್ಯಾಟಿಕ್‌ನಲ್ಲಿ ಇರಬೇಕು. ಇದರದ್ದೊಂದು ದೊಡ್ಡ ಕತೆಯೇ ಇದೆ. ಡಿಎನ್‌ಎಸ್‌ಚೇಂಜರ್ ಅನ್ನುವ ವೈರಸ್ಸು 40 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಕಳ್ಳರ ಸರ್ವರಿಗೆ ತಿರುಗಿಸಿತ್ತು. 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಆ ಸರ್ವರುಗಳನ್ನು ವಶಕ್ಕೆ ತೆಗೆದುಕೊಂಡಿತು. ಆದರೆ ಒಮ್ಮೆಲೇ ಬಂದ್ ಮಾಡಿದರೆ ಅಷ್ಟೂ ಜನರ ನೆಟ್ ಹೋಗುತ್ತದಲ್ಲ. ಕೋರ್ಟಿನ ಒಪ್ಪಿಗೆ ಪಡೆದು ಆ ಜಾಗದಲ್ಲಿ ಒಳ್ಳೆಯ ಸರ್ವರುಗಳನ್ನು ಕೂರಿಸಿ 2012ರ ಜುಲೈ 9ರವರೆಗೆ ನಡೆಸಬೇಕಾಯಿತು. ನನ್ನ ಪ್ರಾಕ್ಸಿ ಚೀಟಿಯ ದೊಡ್ಡಣ್ಣ.

ನನಗೆ ತಿಂಗಳ ಕೊನೆಗೆ 600 ರೂಪಾಯಿ ಅಂದರೆ ಎರಡು ಕರೆಯೋಲೆಯ ಕೂಲಿ. ಹಳೇ ಫಾಂಟು, ಹಳೇ ಸ್ಕ್ಯಾನರು ಇಲ್ಲದಿದ್ದರೆ ನನ್ನ ಕೆಲಸ ನಡೆಯುವುದಿಲ್ಲ. ಟೈಪ್ ಮಾಡುವುದೇ ಹೊಟ್ಟೆಪಾಡು, ಕಮಾಂಡ್ ಟೈಪ್ ಮಾಡಲು ಏನು ಭಯ. ಹಾಗಾಗಿ ನನಗೆ ಕಪ್ಪು ಕಿಟಕಿ. ಫೈಲುಗಳೆಲ್ಲ ಆನ್‌ಲೈನಿನಲ್ಲೇ ಇರುವವರು, ಪೇಟೆಯಲ್ಲೇ ಮನೆ ಇರುವವರು ಫಾರ್ಮ್ಯಾಟ್ ಮಾಡಿಸಿದರೆ ನನ್ನದೇನೂ ತಕರಾರಿಲ್ಲ. ನೆಟ್‌ವರ್ಕ್ ರೀಸೆಟ್ ಒತ್ತುವವರು ವೈಫೈ ಪಾಸ್‌ವರ್ಡನ್ನು ಮೊದಲು ಕ್ಯಾಲೆಂಡರ್ ಮೇಲೆ ದೊಡ್ಡದಾಗಿ ಬರೆದಿಡಿ.

ಭಾವ ಹೋದ ವಾರ ಘಟ್ಟ ಹತ್ತಿ ಬಂದಿದ್ದರು. ಬೇಸಿಗೆಯಲ್ಲಿ ಹೆದ್ದಾರಿ ಪಕ್ಕ ಕೊಂಡು ಅಟ್ಟದಲ್ಲಿ ತೂಗುಹಾಕಿದ್ದ ಕುಮಟಾ ಸಿಹಿ ಈರುಳ್ಳಿಯ ಒಂದು ಗೊಂಚಲು ತಂದು ಜಗಲಿ ಮೇಲಿಟ್ಟು, 'ತಗ, ನಿನ್ನ ಫೀಸು' ಅಂದರು. ಅರ್ಧದಷ್ಟು ಮೊಳಕೆ ಬಂದಿತ್ತು. ಉಳಿದರ್ಧ ಚೆನ್ನಾಗಿತ್ತು.