ನೋಡುವ ಕೂಟವೋ, ತೆಗೆಯುವ ಕೂಟವೋ?

ಕಾಸರಗೋಡಿನ ಕಡೆ ಸಿನಿಮಾ ಹುಚ್ಚು ಹತ್ತಿದವರಿಗೆ ಎರಡು ದಾರಿ. ಒಂದು, ಫಿಲ್ಮ್ ಸೊಸೈಟಿ ಸೇರಿ ಒಳ್ಳೆಯ ಚಿತ್ರ ನೋಡುವುದು. ಇನ್ನೊಂದು, ನಾಲ್ಕೈದು ಜನ ಸೇರಿ ಕಿರುಚಿತ್ರ ತೆಗೆಯುವುದು.

ನೋಡುವ ಕೂಟಕ್ಕೆ ಕೇರಳದಲ್ಲಿ ಹಳೆಯ ಬೇರಿದೆ. ಮಲಯಾಳ ನಿರ್ದೇಶಕ ಅಡೂರ್ ಗೋಪಾಲಕೃಷ್ಣನ್ ಮತ್ತು ಗೆಳೆಯರು ತಿರುವನಂತಪುರದಲ್ಲಿ ಚಿತ್ರಲೇಖ ಫಿಲ್ಮ್ ಸೊಸೈಟಿ ಶುರು ಮಾಡಿದ್ದು 1965ರಲ್ಲಿ. ಇಂಥ ಕೂಟದಲ್ಲಿ ಖರ್ಚು ಕಡಿಮೆ, ಮಾತು ಜಾಸ್ತಿ. ಚರ್ಚೆ ಹೆಚ್ಚಾಗಿ ಮಲಯಾಳದಲ್ಲೇ. ಗಡಿನಾಡಿನವರಿಗೆ ಅದೇನು ಹೊಸತಲ್ಲ ಬಿಡಿ.

ತೆಗೆಯುವ ಕೂಟದ ಕಥೆಯೇ ಬೇರೆ. ಭಾನುವಾರಗಳೆಲ್ಲ ಅದಕ್ಕೇ ಹೋಗುತ್ತವೆ. ಕ್ಯಾಮೆರಾಕ್ಕೆ ಮೊಬೈಲ್ ಸಾಕು, ಆದರೆ ಮೈಕ್ ಇಲ್ಲದೆ ಇಳಿಯಬೇಡಿ. ಜೂನ್ ಮಳೆ ಶೀಟಿನ ಮಾಡಿನ ಮೇಲೆ ಸುರಿಯುವಾಗ ಸಂಭಾಷಣೆ ಒಂದಕ್ಷರವೂ ಕೇಳುವುದಿಲ್ಲ. ನಾವು ಇಡೀ ಒಂದು ದೃಶ್ಯವನ್ನು ಹೀಗೇ ಕಳೆದುಕೊಂಡೆವು. ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿನುಗುವುದು ಇನ್ನೊಂದು ಕಾಟ. ನಮ್ಮ ಕರೆಂಟು 50 ಹರ್ಟ್ಸ್, ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡು ಇಟ್ಟರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಏರಿಳಿತ ಸಿಕ್ಕಿ ಸರಿಹೋಗುತ್ತದೆ. ಇಂಥದ್ದು ಸುಮ್ನೆ ಕೂತು ನೋಡಿದರೆ ತಿಳಿಯುವುದಿಲ್ಲ, ಅಲ್ವಾ?

ಜಾಗದ ವಿಷಯ: ಬೇಕಲ ಕೋಟೆಯಲ್ಲಿ ಚಿತ್ರೀಕರಣಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಅಡಿಕೆ ತೋಟಕ್ಕೆ ತೋಟದವರ ಒಪ್ಪಿಗೆ ಸಾಕು, ಮೇಲಿಂದ ಚಹಾವೂ ಸಿಗುತ್ತದೆ.

ತಿಂಗಳಿಗೆ ಒಂದು ಸಂಜೆ ಮಾತ್ರ ಬಿಡುವಿದ್ದರೆ ಸೊಸೈಟಿ ಸೇರಿ. ಕಾಲೇಜಿನವರಿಗೆ ನಾನು ತೆಗೆಯುವ ಕೂಟವನ್ನೇ ಹೇಳುತ್ತೇನೆ. ಎಡಿಟಿಂಗ್ ಯಾರ ಲ್ಯಾಪ್‌ಟಾಪಿನಲ್ಲಿ ಅಂತ ಮಾತ್ರ ಮೊದಲೇ ತೀರ್ಮಾನಿಸಿಕೊಳ್ಳಿ. ಜಗಳ ಹುಟ್ಟುವುದು ಅಲ್ಲೇ.