ಮತ್ಸ್ಯಗಂಧಾದ ಸ್ಲೀಪರ್ ಬೋಗಿ: ಟಿಕೇಟಿನಲ್ಲಿ ಬರೆದಿರದ ಸೌಕರ್ಯ

ಮುಂಬಯಿಯಿಂದ ನಮ್ಮ ಕರಾವಳಿಗೆ ಹೋಗಲು ಇಂದು ದಾರಿಗಳಿಗೆ ಬರವಿಲ್ಲ. ಸಂಜೆ ಹೊರಡುವ ಹವಾನಿಯಂತ್ರಿತ ಬಸ್ಸುಗಳಿವೆ, ಮಂಗಳೂರಿಗೆ ನೇರ ವಿಮಾನವಿದೆ, ಕೊಂಕಣ ರೈಲುಮಾರ್ಗದಲ್ಲಿಯೂ ಒಂದಕ್ಕಿಂತ ಹೆಚ್ಚು ಗಾಡಿಗಳಿವೆ. ಇವೆಲ್ಲವುಗಳಲ್ಲಿ ಓಡಾಡಿದ ಮೇಲೆಯೂ, ಒಂಟಿಯಾಗಿ ಹೊರಟವರು, ವಯಸ್ಸಾದವರು, ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೋಗುವ ತಾಯಂದಿರು ಯಾವುದರಲ್ಲಿ ಹೋದರೆ ಒಳ್ಳೆಯದು ಎಂದು ಕೇಳಿದರೆ ನಾನು ಹೇಳುವುದು ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಮಧ್ಯಾಹ್ನ ಹೊರಡುವ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿನ ಸಾದಾ ಸ್ಲೀಪರ್ ಬೋಗಿಯ ಹೆಸರನ್ನೇ. ಹಾಗೆ ಹೇಳಲು ಬೋಗಿಯ ಮೆತ್ತೆಯಾಗಲಿ ಗಾಡಿಯ ವೇಗವಾಗಲಿ ಕಾರಣವಲ್ಲ. ಆ ಬೋಗಿಯಲ್ಲಿ ಗುರುತು ಪರಿಚಯವಿಲ್ಲದ ಜನ ಒಬ್ಬರನ್ನೊಬ್ಬರು ನೋಡಿಕೊಳ್ಳುವ ಬಗೆ ಬೇರೆ ಯಾವ ವಾಹನದಲ್ಲಿಯೂ ನನಗೆ ಅಷ್ಟು ನಿಶ್ಚಿತವಾಗಿ ಸಿಕ್ಕಿಲ್ಲ.

ಇದು ನಮ್ಮ ಕಡೆಯ ಜನ ಒಳ್ಳೆಯವರೆಂಬ ಊರಭಿಮಾನದ ಮಾತಲ್ಲ. ಗಾಡಿಯ ವೇಳೆಯೇ ಈ ಸೌಜನ್ಯಕ್ಕೆ ಅನುವು ಮಾಡಿಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ರೈಲ್ವೆಯ ನಿಯಮದಂತೆ ಬರ್ತ್ ಮಲಗಲಿಕ್ಕೆ ಮೀಸಲಾಗುವುದು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ. ಉಳಿದ ಹೊತ್ತಿನಲ್ಲಿ ಕೆಳಗಿನ ಬರ್ತ್ ಮೂವರು ಕೂರುವ ಸೀಟು. ಮಧ್ಯಾಹ್ನ ಮೂರು ಗಂಟೆಯ ನಂತರ ಹೊರಡುವ ಈ ಗಾಡಿಯಲ್ಲಿ, ರಾತ್ರಿ ನಡುಬರ್ತ್ ಎತ್ತಿ ಸರಪಳಿಗೆ ಸಿಕ್ಕಿಸುವ ತನಕ, ಆರು ಗಂಟೆಗೂ ಮಿಕ್ಕಿ ಅಪರಿಚಿತರು ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಎದುರುಬದುರು ಕೂರಲೇಬೇಕು. ರಾತ್ರಿ ಬಸ್ಸಿನಲ್ಲಿಯಾದರೆ ಹತ್ತಿದೊಡನೆ ಪರದೆ ಎಳೆದುಕೊಳ್ಳುತ್ತೇವೆ, ಪಕ್ಕದ ಬರ್ತಿನಲ್ಲಿ ಯಾರಿದ್ದರೆಂಬುದು ಇಳಿಯುವವರೆಗೂ ಗೊತ್ತಾಗುವುದಿಲ್ಲ. ಇಲ್ಲಿ ಮಾತ್ರ ಪನ್ವೇಲ್ ದಾಟುವಷ್ಟರಲ್ಲಿ ಯಾರು ಎಲ್ಲಿ ಇಳಿಯುವವರು, ಯಾರ ಮಂಡಿ ನೋಯುತ್ತದೆ, ಯಾರ ಮಗು ಅಳುತ್ತದೆ ಎಂಬುದೆಲ್ಲ ಎಂಟು ಜನರಿಗೂ ತಿಳಿದಿರುತ್ತದೆ. ಇನ್ನೊಬ್ಬರ ಅಗತ್ಯ ಕಣ್ಣಿಗೆ ಬೀಳದೆ ಸಹಾಯ ಮಾಡುವುದಾದರೂ ಹೇಗೆ? ರೋಹಾದ ಆಚೆ ಸುರಂಗಗಳು ಶುರುವಾದ ಮೇಲೆ ಫೋನಿನ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ. ರತ್ನಾಗಿರಿಯ ಹತ್ತಿರದ ಕರಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರ್ ಉದ್ದವಿದೆ. ಅಂಥ ಕಡೆಗಳಲ್ಲಿ ಫೋನು ಕೆಳಗಿಟ್ಟವರು ತಲೆ ಎತ್ತಿದಾಗ ಎದುರಿಗಿರುವ ಮುಖವನ್ನು ನೋಡಿ ಮಾತನಾಡಿಸುತ್ತಾರೆ.

ಗಾಡಿಯ ಪೂರ್ವೋತ್ತರವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾದದ್ದು 1990ರಲ್ಲಿ, ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ. ಎಂಜಿನಿಯರ್ ಇ. ಶ್ರೀಧರನ್ ಅವರ ನೇತೃತ್ವದಲ್ಲಿ ತೊಂಬತ್ತಕ್ಕೂ ಹೆಚ್ಚು ಸುರಂಗಗಳನ್ನು ಕೊರೆದು, ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ಹಳಿ ಹಾಸಿ 1998ರಲ್ಲಿ ಮಾರ್ಗವನ್ನು ಪೂರ್ತಿ ತೆರೆದರು. ಮತ್ಸ್ಯಗಂಧಾ ಓಡತೊಡಗಿದ್ದೂ ಅದೇ ವರ್ಷ. ಅದಕ್ಕೆ ಮೊದಲು ಕಶೇಡಿ, ಪರಶುರಾಮ ಘಾಟಿಗಳನ್ನು ಹತ್ತಿಳಿಯುವ ಬಸ್ಸಿನಲ್ಲಿ ಇಡೀ ದಿನ ಕುಳಿತು ಊರು ಸೇರುತ್ತಿದ್ದ ಹೋಟೆಲ್ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಇಂದು ಈ ಗಾಡಿಯ ಕಾಯಂ ಪ್ರಯಾಣಿಕರು. ಕೋಲ, ನಾಗಮಂಡಲ, ಮದುವೆ, ಉತ್ತರಕ್ರಿಯೆ, ಮೇ ತಿಂಗಳ ರಜೆ, ಚೌತಿ ಎಂದು ವರ್ಷವಿಡೀ ಇದರಲ್ಲಿ ಓಡಾಡುವವರಿಗೆ ಬೋಗಿಯ ನಡವಳಿಕೆ ಹಿರಿಯರಿಂದ ಬಂದಿದೆ. ರತ್ನಾಗಿರಿ, ಚಿಪಳೂಣಕ್ಕೆ ಹೋಗುವ ಮರಾಠಿಗರು, ಮಡಗಾಂವ್‌ನಲ್ಲಿ ಇಳಿಯುವ ಕೊಂಕಣಿಗರು ಕೂಡ ಅದೇ ನಡವಳಿಕೆಗೆ ಹೊಂದಿಕೊಂಡವರು.

ಅದು ಮೊದಲು ಕಾಣುವುದು ಥಾಣೆಯಲ್ಲಿ. ಡೊಂಬಿವಲಿ, ಮುಲುಂಡ್, ಭಾಂಡುಪ್ ಕಡೆಯವರೆಲ್ಲ ಅಲ್ಲಿ ಹತ್ತುವವರು. ಗಾಡಿ ನಿಲ್ಲುವುದು ಕೆಲವೇ ನಿಮಿಷ, ಪ್ಲಾಟ್‌ಫಾರ್ಮಿನಲ್ಲಿ ಲೋಕಲ್ ಗಾಡಿಯ ಜನರ ನೂಕುನುಗ್ಗಲು ಬೇರೆ. ಬಾಗಿಲು ಕಾಣಿಸಿದೊಡನೆ ಒಳಗಿದ್ದವರು, ಯಾರ ಸಾಮಾನು ಎಂದು ಕೇಳದೆ, ‘ಬ್ಯಾಗ್ ಮೊದಲು ಕೊಡಿ ಅಕ್ಕ, ನೀವು ನಿಧಾನ ಹತ್ತಿ’ ಎಂದು ಕೈ ಚಾಚುತ್ತಾರೆ. ಚೀಲ, ರಟ್ಟಿನ ಪೆಟ್ಟಿಗೆ, ಸ್ಟೀಲ್ ಡಬ್ಬಿ ಕೈಯಿಂದ ಕೈಗೆ ಸಾಗಿ ಬೋಗಿಯ ನಡುವಿನವರೆಗೆ ಹೋಗುತ್ತವೆ. ಕಡೆಯಲ್ಲಿ ಮಗುವನ್ನೂ ಹಾಗೆಯೇ ಕೊಟ್ಟು ಹತ್ತಿದ ತಾಯಿಯೊಬ್ಬರನ್ನು ನೋಡಿದ್ದೇನೆ. ಅವರು ಜನರನ್ನು ಸರಿಸಿಕೊಂಡು ತಮ್ಮ ಸೀಟಿನ ಬಳಿ ಬರುವಷ್ಟರಲ್ಲಿ ಮಗು ಯಾರದೋ ತೊಡೆಯ ಮೇಲೆ ಕುಳಿತು ಕಿಟಕಿಯ ಸರಳನ್ನು ಹಿಡಿದುಕೊಂಡಿತ್ತು; ಚೀಲಗಳು ಆಗಲೇ ಸೀಟಿನ ಕೆಳಗೆ ಸೇರಿದ್ದವು; ಚಪ್ಪಲಿಯನ್ನೂ ಯಾರೋ ಜೋಡಿಸಿಟ್ಟಿದ್ದರು.

ಇನ್ನು ಊಟದ ವಿಷಯ. ರೈಲಿನಲ್ಲಿ ಅಪರಿಚಿತರು ಕೊಟ್ಟದ್ದನ್ನು ತಿನ್ನಬೇಡಿರೆಂದು ರೈಲ್ವೆ ಪೊಲೀಸರು ಎಚ್ಚರಿಸುತ್ತಲೇ ಇರುತ್ತಾರೆ, ಮತ್ತು ಮಂಪರು ಬರಿಸಿ ದೋಚಿದ ಪ್ರಕರಣಗಳು ನಡೆದಿರುವುದರಿಂದ ಆ ಎಚ್ಚರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಈ ಬೋಗಿಯ ಅನುಭವಸ್ಥರು ಅದನ್ನು ಬಲ್ಲರು. ಬಲ್ಲವರಾದ್ದರಿಂದಲೇ ಅವರು ಕೊಡುವ ರೀತಿಯಲ್ಲಿ ಒಂದು ಸೂಕ್ಷ್ಮವಿದೆ. ಡಬ್ಬಿಯ ಮುಚ್ಚಳವನ್ನು ಎಲ್ಲರ ಎದುರಿನಲ್ಲಿಯೇ ತೆಗೆಯುತ್ತಾರೆ. ಮೊದಲ ತುತ್ತು ತಮ್ಮ ಮೊಮ್ಮಗುವಿನ ಬಾಯಿಗೆ ಹೋಗುತ್ತದೆ, ಎರಡನೆಯದು ತಮ್ಮ ಬಾಯಿಗೆ. ಆಮೇಲೆ ಡಬ್ಬಿಯನ್ನೇ ಸೀಟಿನ ನಡುವೆ ಇಟ್ಟು ‘ತಗೊಳ್ಳಿ’ ಎಂದು ಒಂದೇ ಸಲ ಹೇಳುತ್ತಾರೆ. ಬೇಡವೆಂದವರನ್ನು ಒತ್ತಾಯಿಸುವುದಿಲ್ಲ, ಬೇಸರವನ್ನೂ ಪಟ್ಟುಕೊಳ್ಳುವುದಿಲ್ಲ. ನೀರುದೋಸೆ, ಒಣ ಚಟ್ನಿ, ಬಾಳೆಲೆಯಲ್ಲಿ ಕಟ್ಟಿದ ಚಿತ್ರಾನ್ನ, ಆ ಕಡೆಯಿಂದ ಮರಾಠಿ ಮಾವಶಿಯ ಥಾಲಿಪೀಟು, ಹೀಗೆ ರಾತ್ರಿಯೂಟದ ಹೊತ್ತಿಗೆ ಇಡೀ ಸೀಟು ತುಂಬಿರುತ್ತದೆ. ಒಂಟಿಯಾಗಿ ಹೋಗುವ ಹೆಣ್ಣುಮಕ್ಕಳು ಏನನ್ನೂ ತೆಗೆದುಕೊಳ್ಳದೆ ತಮ್ಮ ಪೊಟ್ಟಣವನ್ನೇ ಬಿಚ್ಚಿದರೂ ಯಾರೂ ಅದನ್ನು ಬಿಗುಮಾನವೆಂದು ತಿಳಿಯುವುದಿಲ್ಲ. ಅವರಿಗೆ ಕಿಟಕಿಯ ಪಕ್ಕದ ಜಾಗವನ್ನು ಬಿಟ್ಟುಕೊಟ್ಟು, ನಡುವೆ ಒಬ್ಬ ಅಜ್ಜಿಯನ್ನು ಕೂರಿಸಿಬಿಡುತ್ತಾರೆ. ನಿರಾಕರಿಸುವ ಸ್ವಾತಂತ್ರ್ಯವನ್ನು ಜೊತೆಗೇ ಕೊಡುವ ಔದಾರ್ಯ ನನಗೆ ಬಹಳ ದೊಡ್ಡದೆನಿಸುತ್ತದೆ.

ಈ ಗಾಡಿಯಲ್ಲಿ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಿಂದ ಊರಿಗೆ ಮರಳುವ ರೋಗಿಗಳು ಸದಾ ಇರುತ್ತಾರೆ. ಚಿಕಿತ್ಸೆಗಾಗಿ ಓಡಾಡುವ ಕ್ಯಾನ್ಸರ್ ರೋಗಿಗಳಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ರೈಲ್ವೆ ಪೂರ್ತಿ ರಿಯಾಯಿತಿ ಕೊಡುತ್ತದೆ, ಜೊತೆಗೆ ಹೋಗುವವರಿಗೆ ಶೇ. 75ರಷ್ಟು. ಆದರೆ ಆಸ್ಪತ್ರೆಯವರು ಊರಿಗೆ ಹೋಗಬಹುದೆನ್ನುವ ದಿನ ಮೊದಲೇ ಗೊತ್ತಿರುವುದಿಲ್ಲವಾದ್ದರಿಂದ ಇಂಥವರ ಕೈಯಲ್ಲಿ ಎಷ್ಟೋ ಸಲ ಆರ್‌ಎಸಿ ಟಿಕೇಟೇ ಇರುತ್ತದೆ; ಅಂದರೆ ಪಕ್ಕದ ಒಂದು ಬರ್ತನ್ನು ಇಬ್ಬರು ಹಂಚಿಕೊಂಡು ಕುಳಿತೇ ಹೋಗಬೇಕು. ಒಮ್ಮೆ ಹಾಗೆ ಕುಂದಾಪುರಕ್ಕೆ ಹೊರಟಿದ್ದ ವಯಸ್ಸಾದ ತಾಯಿಯೂ ಮಗನೂ ನಮ್ಮ ಎದುರಿನ ಪಕ್ಕದ ಸೀಟಿನಲ್ಲಿದ್ದರು. ತಾಯಿ ತಲೆಗೆ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಕಿಟಕಿಗೆ ಒರಗಿದ್ದರು. ಗಾಡಿ ಅಲುಗಿದಾಗಲೆಲ್ಲ ಅವರ ಮುಖ ಹಿಂಡುತ್ತಿತ್ತು. ರತ್ನಾಗಿರಿಗೆ ಹೋಗುವ ನಡುವಯಸ್ಸಿನ ಮರಾಠಿ ದಂಪತಿ ಅದನ್ನು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಆಕೆ ಎದ್ದು, ತಮ್ಮ ಕೆಳಬರ್ತಿನ ಮೇಲಿದ್ದ ಸಾಮಾನನ್ನು ತೆಗೆದು, ಶಾಲನ್ನು ಮಡಿಸಿ ಒಂದು ತುದಿಯಲ್ಲಿ ದಿಂಬಿನಂತೆ ಇಟ್ಟು, ‘ಆಈ, ಇಥೆ ಝೋಪಾ’ (ಅಮ್ಮಾ, ಇಲ್ಲಿ ಮಲಗಿ) ಎಂದು ಕರೆದರು. ಗಂಡ ಹೆಂಡತಿ ಇಬ್ಬರೂ ಆ ಪಕ್ಕದ ಸೀಟಿನಲ್ಲಿ ಮಗನ ಜೊತೆ ಒತ್ತೊತ್ತಾಗಿ ಕುಳಿತರು. ಜೊತೆಯಲ್ಲಿ ಕೂರಬೇಕಾದ ಉಳಿದವರೂ ಮಾತಿಲ್ಲದೆ ಬೇರೆ ಸೀಟುಗಳಿಗೆ ಸರಿದುಕೊಂಡರು. ರತ್ನಾಗಿರಿ ಹತ್ತಿರವಾದಾಗ ಆ ಗಂಡ ಟಿಸಿಯನ್ನು ಹುಡುಕಿಕೊಂಡು ಎರಡು ಬೋಗಿ ದಾಟಿ ಹೋಗಿ, ತಾವು ಇಳಿದ ಮೇಲೆ ಆ ಬರ್ತನ್ನು ರೋಗಿಗೇ ಕೊಡಬೇಕೆಂದು ಕೇಳಿಕೊಂಡು, ಅದು ಆಗುವುದೆಂದು ಖಚಿತವಾದ ಮೇಲಷ್ಟೇ ತಮ್ಮ ಚೀಲಗಳನ್ನು ಎತ್ತಿಕೊಂಡರು. ಯಾವ ರೋಗ, ಎಷ್ಟು ದಿನವಾಯಿತು, ವೈದ್ಯರು ಏನೆಂದರು ಎಂಬ ಒಂದು ಪ್ರಶ್ನೆಯನ್ನೂ ಅವರು ಕೇಳಲಿಲ್ಲ. ನೋವಿನಲ್ಲಿರುವವರಿಂದ ಕಥೆ ಹೇಳಿಸಿಕೊಳ್ಳದೆ ಸಹಾಯ ಮಾಡುವುದು ಎಷ್ಟು ಅಪರೂಪವೆಂಬುದು ಆಸ್ಪತ್ರೆಗಳಲ್ಲಿ ಓಡಾಡಿದವರಿಗೆ ಗೊತ್ತಿದೆ.

ರಾತ್ರಿಯ ಪ್ರಯಾಣಕ್ಕೆ ಬರುತ್ತೇನೆ. ಕಾರವಾರ, ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ಇಳಿಯುವವರಿಗೆ ನಿಲ್ದಾಣ ಬರುವುದು ಗಾಢ ನಿದ್ದೆಯ ಹೊತ್ತಿನಲ್ಲಿ. ಕೊಂಕಣ ಮಾರ್ಗದ ಬಹುಭಾಗ ಇಂದಿಗೂ ಒಂಟಿ ಹಳಿಯದು. ಎದುರಿನಿಂದ ಬರುವ ಗಾಡಿಗೆ ದಾರಿ ಬಿಡಲು ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕಾಗುವುದೋ ಹೇಳಲು ಬರುವುದಿಲ್ಲ. ಹೀಗಾಗಿ ಫೋನಿನಲ್ಲಿ ಅಲಾರಂ ಇಟ್ಟರೆ ಅದು ಒಂದು ಗಂಟೆ ಮೊದಲೇ ಬಡಿದು, ಎದ್ದವರು ಮತ್ತೆ ನಿದ್ದೆಹೋಗಿ ಊರು ದಾಟಿಹೋಗುವ ಭಯವಿರುತ್ತದೆ. ಅದಕ್ಕಾಗಿ ಮಲಗುವ ಮುನ್ನ ಬೋಗಿಯಲ್ಲಿ ಒಂದು ಹಂಚಿಕೆ ನಡೆಯುತ್ತದೆ. ‘ನಾನು ಉಡುಪಿಯವನು, ನನಗೆ ನಿದ್ದೆ ಬರುವುದಿಲ್ಲ, ನಿಮ್ಮನ್ನು ಎಬ್ಬಿಸುತ್ತೇನೆ’ ಎಂದು ಯಾರಾದರೊಬ್ಬರು ಹೇಳುತ್ತಾರೆ, ಮತ್ತು ಹೇಳಿದಂತೆ ಎಬ್ಬಿಸುತ್ತಾರೆ. ಕಾಳಿ ನದಿಯ ಸೇತುವೆಯ ಸದ್ದು ಕೇಳಿದೊಡನೆ ಎದ್ದು ಕಾರವಾರದವರ ಪಾದದ ಬಳಿ ಹೊದಿಕೆಯನ್ನು ಮೆಲ್ಲಗೆ ಎಳೆದು, ಬೇರೆಯವರಿಗೆ ಎಚ್ಚರವಾಗದಂತೆ ಫೋನಿನ ಬೆಳಕನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಸೀಟಿನಡಿಯಿಂದ ಅವರ ಚೀಲವನ್ನು ಹುಡುಕಿಕೊಡುವ ಹಿರಿಯರನ್ನು ನೋಡಿದ್ದೇನೆ. ಇಳಿದವರಿಗೆ ಅವರ ಹೆಸರು ಕೂಡ ಗೊತ್ತಿರಲಾರದು. ಯಾವ ದರ್ಜೆಯ ಟಿಕೇಟಿಗೂ ರೈಲ್ವೆ ಈ ಸೇವೆಯನ್ನು ಸೇರಿಸಿಲ್ಲ.

ಮಳೆಗಾಲದಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಜೂನ್‌ನಿಂದ ಅಕ್ಟೋಬರ್‌ವರೆಗೆ ಕೊಂಕಣ ರೈಲ್ವೆಗೆ ಪ್ರತ್ಯೇಕ ವೇಳಾಪಟ್ಟಿ ಇರುತ್ತದೆ. ವೇಗ ತಗ್ಗಿಸುತ್ತಾರೆ, ಗಸ್ತಿನವರು ಹಳಿಯುದ್ದಕ್ಕೂ ಹಗಲಿರುಳು ನಡೆಯುತ್ತಾರೆ. ಆದರೂ ಗುಡ್ಡ ಕುಸಿದರೆ ಗಾಡಿ ನಿಲ್ಲಲೇಬೇಕು. 2024ರ ಜುಲೈಯಲ್ಲಿ ಖೇಡ್ ಬಳಿ ಮಣ್ಣು ಕುಸಿದು ಇಡೀ ಮಾರ್ಗ ಬಂದಾಗಿ, ನಡುದಾರಿಯಲ್ಲಿ ಸಿಕ್ಕಿಕೊಂಡ ಪ್ರಯಾಣಿಕರನ್ನು ಬಸ್ಸುಗಳಲ್ಲಿ ಕಳುಹಿಸಬೇಕಾಯಿತು. ಅಂಥ ಹೊತ್ತಿನಲ್ಲಿ ಮಗುವಿನ ಹಾಲಿಗೆ ಬಿಸಿನೀರು, ಸಕ್ಕರೆ ಕಾಯಿಲೆಯವರಿಗೆ ಎರಡು ಬಿಸ್ಕತ್ತು, ಚಾರ್ಜ್ ಮುಗಿದವರಿಗೆ ಮನೆಗೊಂದು ಫೋನು ಸಿಗುವುದು ಸಹಪ್ರಯಾಣಿಕರಿಂದಲೇ.

ಈ ಬೋಗಿಯಲ್ಲಿ ಎಲ್ಲರೂ ಹೀಗೆಯೇ ಇರುತ್ತಾರೆಂದು ನಾನು ಬರೆದರೆ ಅದು ಸುಳ್ಳಾಗುತ್ತದೆ. ಅಜ್ಜಿಯೊಬ್ಬರಿಗೆ ಸಿಕ್ಕ ಕೆಳಬರ್ತಿನಲ್ಲಿ ಮಲಗಿ ಏಳದವರೂ ಇದ್ದಾರೆ; ಸೌಜನ್ಯದಿಂದ ಜಾಗ ಬಿಟ್ಟವರನ್ನೇ ಇನ್ನಷ್ಟು ಸರಿಯಿರೆಂದು ದಬಾಯಿಸುವವರೂ ಇದ್ದಾರೆ. 60 ದಾಟಿದ ಗಂಡಸರು, 45 ದಾಟಿದ ಹೆಂಗಸರು ಕೆಳಬರ್ತಿನ ಕೋಟಾದಲ್ಲಿ ಟಿಕೇಟು ಮಾಡಿಸುವುದೇ ಸರಿ. ಪರರ ಒಳ್ಳೆಯತನವನ್ನು ಲೆಕ್ಕಕ್ಕೆ ಹಿಡಿದು ಹೊರಡುವುದು ಆ ಒಳ್ಳೆಯತನಕ್ಕೆ ಮಾಡುವ ಅನ್ಯಾಯ. ತೊಂದರೆಯಾದರೆ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಬಹುದು. ಒಂಟಿ ಮಹಿಳೆಯರಿಗಾಗಿ ರೈಲ್ವೆ ರಕ್ಷಣಾ ದಳದ ‘ಮೇರಿ ಸಹೇಲಿ’ ವ್ಯವಸ್ಥೆಯೂ 2020ರಿಂದ ಇದೆ.

ಎಸಿ ಬೋಗಿಯಲ್ಲಿ ಹಾಸಿಗೆ ಹೊದಿಕೆ ಕೊಡುತ್ತಾರೆ, ಧೂಳಿಲ್ಲ, ಸದ್ದಿಲ್ಲ. ಜ್ವರವಿದ್ದವರು, ಮರುದಿನ ಬೆಳಿಗ್ಗೆಯೇ ಕೆಲಸಕ್ಕೆ ಹಾಜರಾಗಬೇಕಾದವರು ಅದನ್ನೇ ಆರಿಸಿಕೊಳ್ಳಲಿ. ಮೌನವನ್ನು ಬಯಸುವವರಿಗೂ ಸ್ಲೀಪರ್ ಬೋಗಿ ಒಗ್ಗದು, ಏಕೆಂದರೆ ಇಲ್ಲಿ ನಿಮ್ಮ ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉಳಿದವರೆಲ್ಲರಿಗೂ ನನ್ನ ಶಿಫಾರಸು ಇದೇ ಬೋಗಿಗೆ. ಹೋಗುವಾಗ ನಿಮ್ಮ ಅಗತ್ಯಕ್ಕಿಂತ ಒಂದು ಬಾಟಲಿ ನೀರನ್ನೂ ನಾಲ್ಕು ಕಾಗದದ ತಟ್ಟೆಗಳನ್ನೂ ಹೆಚ್ಚಿಗೆ ಇಟ್ಟುಕೊಳ್ಳಿ. ಥಾಣೆಯಲ್ಲಿ ಹತ್ತುವವರು ಬರುವ ಮೊದಲೇ ಸೀಟಿನಡಿಯ ಜಾಗವನ್ನು ಅರ್ಧ ಖಾಲಿ ಬಿಡಿ. ನೀವು ಇಳಿಯುವುದು ಉಡುಪಿ ಅಥವಾ ಮಂಗಳೂರಾದರೆ, ನಿಮಗಿಂತ ಮುಂಚೆ ಇಳಿಯುವವರು ಯಾರೆಂದು ಮಲಗುವ ಮೊದಲು ಕೇಳಿಕೊಳ್ಳಿ.